ಓದುಗರ ಪ್ರಶ್ನೆ: ‘ಈಗಲೇ ಪ್ರಕಟಿಸಬೇಡ’ ಎಂಬ ಸೂಚನೆಯನ್ನು ಎಕ್ಸ್‌ಎಂಎಲ್‌ನಲ್ಲಿ ಎಲ್ಲಿಡಬೇಕು?

ಅಡಿಕೆ ಧಾರಣೆ, ಮಳೆ ವರದಿ, ಯಕ್ಷಗಾನ ಮೇಳಗಳ ತಿರುಗಾಟದ ಪಟ್ಟಿ ಇಂಥವನ್ನೆಲ್ಲ ತಮ್ಮದೇ ಜಾಲತಾಣಗಳಲ್ಲಿ ಹಾಕುವ ಶಿವಮೊಗ್ಗ ಜಿಲ್ಲೆಯ ಮತ್ತು ಸುತ್ತಲಿನ ಮಲೆನಾಡಿನ ಓದುಗರಿಂದ ಈ ಬಾರಿ ಬಂದ ಪತ್ರಗಳು ಹೆಚ್ಚುಕಡಿಮೆ ಒಂದೇ ವಿಷಯ ಕೇಳುತ್ತವೆ. ಬರಹವನ್ನು ಎಕ್ಸ್‌ಎಂಎಲ್ (ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಬರೆದಿಡುವ ವಿಧಾನ) ರೂಪದಲ್ಲಿ ಸರ್ವರ್‌ಗೆ ಕಳಿಸುವಾಗ, ಬರಹದ ಜೊತೆಗೆ ಸರ್ವರ್‌ಗೆ ಕೊಡಬೇಕಾದ ಸೂಚನೆಗಳನ್ನು ಎಲ್ಲಿ ಬರೆಯಬೇಕು ಎಂಬುದೇ ಆ ಪ್ರಶ್ನೆ. ಹಾಗಾಗಿ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಟ್ಯಾಗ್, ಹೆಡರ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ನಿಮ್ಮ ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು, ಟ್ಯಾಗ್‌ಗಳೆಲ್ಲ ಸಣ್ಣಕ್ಷರ.

ಪ್ರಶ್ನೆ: ಬೆಳೆಗಾರರ ಜಾಲತಾಣಕ್ಕೆ ಲೇಖನ ಕಳಿಸಲು ನಾವೇ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇವೆ. ಅದು ಲೇಖನವನ್ನು ಆಟಮ್ ಎಂಬ ಎಕ್ಸ್‌ಎಂಎಲ್ ಮಾದರಿಯ ಎಂಟ್ರಿಯಾಗಿ (ಒಂದು ಬರಹದ ದಾಖಲೆಯಾಗಿ) ಮಾಡಿ ಸರ್ವರ್‌ಗೆ ಪೋಸ್ಟ್ ಮಾಡುತ್ತದೆ, ಅಂದರೆ ಹೊಸದಾಗಿ ಸೇರಿಸುತ್ತದೆ. ‘ಇದು ಕರಡು, ಈಗಲೇ ಪ್ರಕಟಿಸಬೇಡ’ ಎಂಬುದನ್ನೂ ಹೇಳಬೇಕಾಗಿದೆ. ನಮ್ಮಲ್ಲಿ ಒಬ್ಬರು ಎಂಟ್ರಿಯ ಒಳಗೇ ಬರೆಯೋಣ ಅನ್ನುತ್ತಾರೆ, ಇನ್ನೊಬ್ಬರು ಎಚ್‌ಟಿಟಿಪಿ ಹೆಡರ್ (ಕಳಿಸುವ ಸಂದೇಶದ ತಲೆಯಲ್ಲಿ ಹೋಗುವ ಸಾಲು) ಸಾಕು ಅನ್ನುತ್ತಾರೆ, ಮತ್ತೊಬ್ಬರು ಯುಆರ್‌ಎಲ್‌ನ ಕೊನೆಗೆ ಸೇರಿಸಿಬಿಡೋಣ ಅನ್ನುತ್ತಾರೆ. ಯಾವುದು ಸರಿ?
– ಸಾಗರ

ಉತ್ತರ: ಎಂಟ್ರಿಯ ಒಳಗೆ. ಆಟಮ್ ಎಂಟ್ರಿಗಳನ್ನು ಸರ್ವರ್‌ಗೆ ಕಳಿಸುವ, ತಿದ್ದುವ ನಿಯಮಾವಳಿಯಾದ ಆಟಮ್ ಪಬ್ಲಿಷಿಂಗ್ ಪ್ರೋಟೊಕಾಲ್ ಇದನ್ನು ಮೊದಲೇ ತೀರ್ಮಾನಿಸಿಟ್ಟಿದೆ. 2007ರ ಅಕ್ಟೋಬರ್‌ನಲ್ಲಿ ಬಂದ ಅದರ ನಿಯಮಗಳ ದಾಖಲೆ ಆರ್‌ಎಫ್‌ಸಿ 5023 ಇದಕ್ಕಾಗಿಯೇ ‘ಆ್ಯಪ್:ಕಂಟ್ರೋಲ್’ ಎಂಬ ಟ್ಯಾಗ್ ಕೊಟ್ಟು, ಅದರೊಳಗೆ ‘ಆ್ಯಪ್:ಡ್ರಾಫ್ಟ್’ ಇಟ್ಟಿದೆ. ಬರೆಯುವ ಕ್ರಮ ಹೀಗೆ:

<ಎಂಟ್ರಿ>
  <ಟೈಟಲ್>ಕೊಳೆರೋಗಕ್ಕೆ ಬೋರ್ಡೋ ದ್ರಾವಣ</ಟೈಟಲ್>
  … ಐಡಿ, ಅಪ್‌ಡೇಟೆಡ್, ಆಥರ್, ಕಂಟೆಂಟ್ …
  <ಆ್ಯಪ್:ಕಂಟ್ರೋಲ್>
    <ಆ್ಯಪ್:ಡ್ರಾಫ್ಟ್>ಯೆಸ್</ಆ್ಯಪ್:ಡ್ರಾಫ್ಟ್>
  </ಆ್ಯಪ್:ಕಂಟ್ರೋಲ್>
</ಎಂಟ್ರಿ>

ಒಂದು ಎಂಟ್ರಿಗೆ ಒಂದೇ ಕಂಟ್ರೋಲ್, ಅದರೊಳಗೆ ಹೆಚ್ಚೆಂದರೆ ಒಂದು ಡ್ರಾಫ್ಟ್. ಡ್ರಾಫ್ಟ್‌ಗೆ ಇರುವುದು ಎರಡೇ ಬೆಲೆ, ‘ಯೆಸ್’ ಅಥವಾ ‘ನೋ’. ಡ್ರಾಫ್ಟ್ ಟ್ಯಾಗ್ ಇಲ್ಲದೇ ಹೋದರೆ ‘ನೋ’ ಎಂದೇ ಅರ್ಥ, ಅಂದರೆ ಪ್ರಕಟಿಸು. ಈ ಕೊನೆಯ ನಿಯಮವನ್ನು ಚೆನ್ನಾಗಿ ನೆನಪಿಡಿ. ಮುಂದಿನ ಪತ್ರಗಳಲ್ಲಿರುವ ತೊಂದರೆಗಳಲ್ಲಿ ಬಹುಪಾಲಿಗೆ ಮೂಲ ಅಲ್ಲಿದೆ.

ಇನ್ನು ಒಳಗೇ ಏಕೆ ಎಂಬುದು. ಅಡಿಕೆ ಮೂಟೆಯ ಮೇಲೆ ಬರೆದ ಗುರುತು ಮೂಟೆ ಹೋದಲ್ಲೆಲ್ಲ ಹೋಗುತ್ತದೆ, ಲಾರಿಯ ಬಿಲ್ಟಿ ಆ ಒಂದು ಸಾಗಣೆಗೆ ಮುಗಿಯಿತು. ಎಚ್‌ಟಿಟಿಪಿ ಹೆಡರ್ ಬಿಲ್ಟಿಯ ಥರದ್ದು. ಸರ್ವರ್ ಎಂಟ್ರಿಯನ್ನು ತನ್ನಲ್ಲಿ ಉಳಿಸಿಕೊಂಡ ಮೇಲೆ, ಬಂದಾಗ ಇದ್ದ ಹೆಡರ್ ಎಲ್ಲೂ ಉಳಿಯುವುದಿಲ್ಲ. ನಾಳೆ ಅದೇ ಎಂಟ್ರಿಯನ್ನು ಗೆಟ್ ಮಾಡಿ (ತರಿಸಿಕೊಂಡು) ತಿದ್ದಿ ಪುಟ್ ಮಾಡುವವರಿಗೆ (ಅದೇ ವಿಳಾಸಕ್ಕೆ ಮರಳಿ ಬರೆಯುವವರಿಗೆ) ಅದು ಕರಡೋ ಪ್ರಕಟವಾದದ್ದೋ ಗೊತ್ತಾಗುವುದು ಎಂಟ್ರಿಯನ್ನು ನೋಡಿದಾಗಲೇ. ಬ್ಲಾಗ್‌ಗಳಿಗೆ ಬರಹ ಕಳಿಸಲು ಬಳಸುತ್ತಿದ್ದ ಹಳೆಯ ಮೆಟಾವೆಬ್‌ಲಾಗ್ ಎಪಿಐನಲ್ಲಿ ಇದೇ ಕೊರತೆ ಇತ್ತು. ಎಕ್ಸ್‌ಎಂಎಲ್-ಆರ್‌ಪಿಸಿ (ಎಕ್ಸ್‌ಎಂಎಲ್ ಮೂಲಕ ಸರ್ವರ್‌ನ ಪ್ರೋಗ್ರಾಂ ಕರೆಯುವ ವಿಧಾನ) ಮೇಲೆ ನಡೆಯುವ ಅದರಲ್ಲಿ ‘ನ್ಯೂಪೋಸ್ಟ್’ ಕರೆಗೆ ಐದು ಆರ್ಗ್ಯುಮೆಂಟ್‌ಗಳು: ಬ್ಲಾಗ್ ಐಡಿ, ಹೆಸರು, ಪಾಸ್‌ವರ್ಡ್, ಬರಹದ ಸ್ಟ್ರಕ್ಟ್ (ಶೀರ್ಷಿಕೆ, ಬರಹ ಮುಂತಾದವುಗಳ ಕಟ್ಟು), ಕೊನೆಗೆ ‘ಪಬ್ಲಿಷ್’ ಎಂಬ ಹೌದು-ಅಲ್ಲ. ಪ್ರಕಟಣೆಯ ಸೂಚನೆ ಬರಹದ ಹೊರಗಿತ್ತು. ಆದ್ದರಿಂದ ‘ಗೆಟ್‌ಪೋಸ್ಟ್’ ಮಾಡಿ ಬರಹ ಮರಳಿ ಪಡೆದಾಗ ಆ ಸ್ಥಿತಿ ಅದರ ಜೊತೆ ಬರುತ್ತಿರಲಿಲ್ಲ. ಒಂದೊಂದು ಸಾಫ್ಟ್‌ವೇರ್ ತನ್ನದೇ ಸ್ಟೇಟಸ್ ಕಾಲಂ ಸೇರಿಸಿಕೊಳ್ಳಬೇಕಾಯಿತು.

ಯುಆರ್‌ಎಲ್‌ನ ಕೊನೆಗೆ ಸೇರಿಸುವುದು ಮೂರರಲ್ಲಿ ಅತ್ಯಂತ ಕೆಟ್ಟ ದಾರಿ. ಯುಆರ್‌ಎಲ್ ಒಂದು ವಸ್ತುವಿನ ವಿಳಾಸ. ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ ಬದಲಾದರೆ ವಿಳಾಸವೇ ಬದಲಾದಂತೆ. ಒಂದೇ ಬರಹಕ್ಕೆ ಕರಡಿನ ವಿಳಾಸ ಒಂದು, ಪ್ರಕಟವಾದದ್ದರ ವಿಳಾಸ ಇನ್ನೊಂದು ಆಗಿಬಿಡುತ್ತದೆ. ಅದು ಸರ್ವರ್ ಲಾಗ್‌ಗಳಲ್ಲೂ ನಡುವಿನ ಪ್ರಾಕ್ಸಿಗಳಲ್ಲೂ (ಮಧ್ಯವರ್ತಿ ಸರ್ವರ್‌ಗಳಲ್ಲೂ) ಉಳಿಯುತ್ತದೆ.

ಹಾಗೆಂದು ಹೆಡರ್ ಬೇಡವೆಂದಲ್ಲ. ಯಾರು ಕಳಿಸುತ್ತಿದ್ದಾರೆ ಎಂಬ ದೃಢೀಕರಣ, ‘ನಾನು ನೋಡಿದ ಪ್ರತಿ ಬದಲಾಗದಿದ್ದರೆ ಮಾತ್ರ ಬರೆ’ ಎನ್ನುವ ‘ಇಫ್-ಮ್ಯಾಚ್’, ವಿಳಾಸ ಹೀಗಿರಲಿ ಎಂದು ಕೋರುವ ‘ಸ್ಲಗ್’ ಇವೆಲ್ಲ ಆ ಒಂದು ಕಳಿಸುವಿಕೆಗೆ ಸಂಬಂಧಿಸಿದವು, ಹೆಡರ್‌ನಲ್ಲೇ ಇರಬೇಕು. ನಿಮ್ಮಲ್ಲಿ ಮತ್ತೆ ವಾದ ಬಂದಾಗ ಹೀಗೆ ಕೇಳಿಕೊಳ್ಳಿ: ಈ ಎಂಟ್ರಿಯನ್ನು ಪೆನ್‌ಡ್ರೈವ್‌ನಲ್ಲಿ ಉಳಿಸಿ ಆರು ತಿಂಗಳ ನಂತರ ತೆರೆದರೆ ಈ ಮಾಹಿತಿ ಅದರಲ್ಲಿ ಇರಬೇಕೇ? ಇರಬೇಕೆಂದರೆ ಎಂಟ್ರಿಯ ಒಳಗೆ, ಬೇಡವೆಂದರೆ ಹೆಡರ್‌ಗೆ.

ಹೆಡರ್ ಬಳಸುವವರು ಕನ್ನಡದ ಒಂದು ತೊಡಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಡರ್‌ನಲ್ಲಿ ಕನ್ನಡ ಅಕ್ಷರ ನೇರವಾಗಿ ಹೋಗುವುದಿಲ್ಲ. ಸ್ಲಗ್ ಹೆಡರ್‌ಗೆ ಯುಟಿಎಫ್-8 ಬೈಟ್‌ಗಳನ್ನು ಶೇಕಡಾ ಚಿಹ್ನೆಯ ರೂಪಕ್ಕೆ (ಪ್ರತಿ ಬೈಟ್‌ಗೆ ಒಂದು ಶೇಕಡಾ ಚಿಹ್ನೆ, ಎರಡು ಅಕ್ಷರ) ತಿರುಗಿಸಬೇಕು. ‘ಅಡಿಕೆ’ ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕದಲ್ಲಿ 5 ಸಂಕೇತಗಳಿವೆ (ಅ, ಡ, ಇಕಾರ, ಕ, ಎಕಾರ). ಒಂದಕ್ಕೆ 3 ಬೈಟ್, ಒಟ್ಟು 15. ಶೇಕಡಾ ರೂಪದಲ್ಲಿ 45 ಅಕ್ಷರ. ‘ಸಂಪಾದಕರು ನೋಡಿದ ಮೇಲೆ ಬಿಡಿ’ ಎಂಬಂಥ ಟಿಪ್ಪಣಿಯನ್ನು ಹೆಡರ್‌ಗೆ ತುರುಕಲು ಹೋದರೆ ಅದು ಎಷ್ಟು ಉದ್ದವಾದೀತು ಎಂದು ನೀವೇ ಎಣಿಸಬಹುದು. ಎಕ್ಸ್‌ಎಂಎಲ್ ಒಳಗಾದರೆ ಕನ್ನಡ ಇದ್ದಂತೆಯೇ ಇರುತ್ತದೆ.

ಪ್ರಶ್ನೆ: ಡ್ರಾಫ್ಟ್ ‘ಯೆಸ್’ ಎಂದು ಬರೆದೇ ಕಳಿಸಿದೆವು. ಸರ್ವರ್ 201 ಎಂದು ಉತ್ತರಿಸಿತು, ಯಾವ ದೋಷವನ್ನೂ ಹೇಳಲಿಲ್ಲ. ಆದರೂ ಬರಹ ಆ ಕ್ಷಣವೇ ಎಲ್ಲರಿಗೂ ಕಾಣಿಸಿತು. ಏಕೆ?
– ತೀರ್ಥಹಳ್ಳಿ

ಉತ್ತರ: ನೀವು ಬರೆದ ಸೂಚನೆ ಸರ್ವರ್‌ಗೆ ಅರ್ಥವಾಗಿಲ್ಲ, ಅಥವಾ ಅರ್ಥವಾದರೂ ಅದು ಪಾಲಿಸಿಲ್ಲ. ಎರಡಕ್ಕೂ ನಿಯಮದಲ್ಲಿ ಅವಕಾಶವಿದೆ. 2005ರ ಡಿಸೆಂಬರ್‌ನ ಆಟಮ್ ಫಾರ್ಮ್ಯಾಟ್, ಅಂದರೆ ಆರ್‌ಎಫ್‌ಸಿ 4287, ತನಗೆ ಗೊತ್ತಿಲ್ಲದ ಹೊರಗಿನ ಟ್ಯಾಗ್ ಕಂಡರೆ ದೋಷವೆಂದು ನಿಲ್ಲಿಸಬಾರದು ಎನ್ನುತ್ತದೆ. ಕಂಟ್ರೋಲ್ ಕೂಡ ಅಂಥ ಹೊರಗಿನ ಟ್ಯಾಗ್ ಎಂದೇ ಲೆಕ್ಕ. ಈಗ ಎರಡೂ ನಿಯಮಗಳನ್ನು ಸೇರಿಸಿ ನೋಡಿ: ಗುರುತಿಸಲಾಗದ ಟ್ಯಾಗನ್ನು ಸುಮ್ಮನೆ ದಾಟು, ಡ್ರಾಫ್ಟ್ ಕಾಣದಿದ್ದರೆ ಪ್ರಕಟಿಸು. ಬರವಣಿಗೆಯಲ್ಲಿ ಸಣ್ಣ ತಪ್ಪಾದರೂ ಫಲಿತಾಂಶ ‘ಪ್ರಕಟಣೆ’ಯೇ ಆಗುತ್ತದೆ, ಎಚ್ಚರಿಕೆಯ ಒಂದು ಮಾತೂ ಬರುವುದಿಲ್ಲ.

ಮೊದಲು ನೇಮ್‌ಸ್ಪೇಸ್ (ಟ್ಯಾಗ್ ಯಾವ ನಿಯಮಾವಳಿಗೆ ಸೇರಿದ್ದೆಂದು ಹೇಳುವ, ವಿಳಾಸದ ರೂಪದ ಹೆಸರು) ನೋಡಿ, ಹೆಚ್ಚಾಗಿ ತಪ್ಪುವುದು ಅಲ್ಲೇ. ಪ್ರೋಟೊಕಾಲ್ ಅಂತಿಮವಾಗುವ ಮೊದಲು ಪರ್ಲ್.ಆರ್ಗ್‌ನ ಒಂದು ವಿಳಾಸ ಬಳಕೆಯಲ್ಲಿತ್ತು. ಗೂಗಲ್‌ನ ಬ್ಲಾಗರ್‌ಗಾಗಿ ಬರೆದ ಹಳೆಯ ಕೋಡ್‌ಗಳಲ್ಲಿ ಅದು ಈಗಲೂ ಸಿಗುತ್ತದೆ. ಅಂತಿಮ ವಿಳಾಸ ಡಬ್ಲ್ಯು3.ಆರ್ಗ್‌ನದು, ಕೊನೆಗೆ ‘2007/ಆ್ಯಪ್’ ಎಂದು ಮುಗಿಯುತ್ತದೆ. ಪೂರ್ವಪ್ರತ್ಯಯ (ಟ್ಯಾಗ್‌ನಲ್ಲಿ ‘:’ಗಿಂತ ಮೊದಲಿನ ಭಾಗ) ‘ಆ್ಯಪ್’ ಎಂದೇ ಇರಬೇಕಿಲ್ಲ, ಏನಾದರೂ ಇರಲಿ. ವಿಳಾಸ ಮಾತ್ರ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕೊನೆಗೊಂದು ಓರೆಗೆರೆ ಹೆಚ್ಚಾದರೆ ಅದು ಬೇರೆ ನೇಮ್‌ಸ್ಪೇಸ್. ಸುರಕ್ಷಿತವಾಗಿರಲಿ ಎಂದು ‘ಎಚ್‌ಟಿಟಿಪಿ’ಯನ್ನು ‘ಎಚ್‌ಟಿಟಿಪಿಎಸ್’ ಮಾಡಿದರೂ ಅಷ್ಟೇ. ಅದು ತೆರೆದು ನೋಡುವ ವಿಳಾಸವಲ್ಲ, ಬರಿಯ ಹೆಸರು. ಎಡಿಟರ್‌ನಲ್ಲಿ ‘ಎಲ್ಲವನ್ನೂ ಬದಲಿಸು’ ಕೊಟ್ಟಾಗ ಈ ತಪ್ಪು ಸದ್ದಿಲ್ಲದೆ ನುಸುಳುತ್ತದೆ.

ಎರಡನೆಯದು ಜಾಗ. ಡ್ರಾಫ್ಟ್ ಅನ್ನು ಕಂಟ್ರೋಲ್ ಇಲ್ಲದೆ ನೇರವಾಗಿ ಎಂಟ್ರಿಯ ಕೆಳಗೆ ಬರೆದಿರಬಹುದು, ಅಥವಾ ಕಂಟ್ರೋಲ್ ಇಡೀ ‘ಕಂಟೆಂಟ್’ ಒಳಗೆ ಸೇರಿಹೋಗಿರಬಹುದು. ಕಂಟೆಂಟ್ ಒಳಗಿದ್ದರೆ ಅದು ಬರಹದ ಭಾಗ, ಸರ್ವರ್ ಅದನ್ನು ಸೂಚನೆಯೆಂದು ಓದುವುದಿಲ್ಲ. ಮೂರನೆಯದು ಬೆಲೆ: ‘ಟ್ರೂ’, ‘1’, ದೊಡ್ಡಕ್ಷರದ ‘ಯೆಸ್’ ಯಾವುದೂ ನಡೆಯುವುದಿಲ್ಲ. ಎಕ್ಸ್‌ಎಂಎಲ್ ಅನ್ನು ಅಂದವಾಗಿ ಜೋಡಿಸುವ ಟೂಲ್‌ಗಳು ‘ಯೆಸ್’ನ ಹಿಂದೆ ಮುಂದೆ ಹೊಸ ಸಾಲು, ಖಾಲಿ ಜಾಗ ಸೇರಿಸಿದರೆ ಕಟ್ಟುನಿಟ್ಟಿನ ಸರ್ವರ್ ಅದನ್ನೂ ‘ಯೆಸ್’ ಎಂದು ಒಪ್ಪದಿರಬಹುದು. ಟ್ಯಾಗ್ ಮತ್ತು ಬೆಲೆ ಒಂದೇ ಸಾಲಿನಲ್ಲಿ ಅಂಟಿಕೊಂಡಿರಲಿ.

ಇವೆಲ್ಲ ಸರಿಯಿದ್ದೂ ಪ್ರಕಟವಾಗುತ್ತಿದ್ದರೆ ಆ ಸರ್ವರ್‌ಗೆ ಕರಡಿನ ವ್ಯವಸ್ಥೆಯೇ ಇಲ್ಲ. ಡ್ರಾಫ್ಟ್ ಒಂದು ಕೋರಿಕೆ ಮಾತ್ರ, ಸರ್ವರ್ ಅದನ್ನು ಬದಿಗಿಡಬಹುದು ಎಂದು ಆರ್‌ಎಫ್‌ಸಿ ಸ್ಪಷ್ಟವಾಗಿಯೇ ಹೇಳುತ್ತದೆ. ಪರೀಕ್ಷಿಸುವ ರೀತಿ ಇದು. ಯಾರು ನೋಡಿದರೂ ತೊಂದರೆಯಿಲ್ಲದ ಎರಡು ಸಾಲಿನ ಬರಹವೊಂದನ್ನು ಕರಡಾಗಿ ಪೋಸ್ಟ್ ಮಾಡಿ. ಉತ್ತರದಲ್ಲಿ ಬರುವ ‘ಲೊಕೇಶನ್’ ಹೆಡರ್‌ನ ವಿಳಾಸವನ್ನು ಗೆಟ್ ಮಾಡಿ, ಮರಳಿ ಬಂದ ಎಂಟ್ರಿಯಲ್ಲಿ ಕಂಟ್ರೋಲ್ ಇದೆಯೇ, ಡ್ರಾಫ್ಟ್ ‘ಯೆಸ್’ ಇದೆಯೇ ನೋಡಿ. ಆಮೇಲೆ ‘ಆಲ್ಟರ್ನೇಟ್’ ಲಿಂಕ್ (ಓದುಗರು ನೋಡುವ ಪುಟದ ಕೊಂಡಿ) ಇದ್ದರೆ ಲಾಗಿನ್ ಆಗದ ಬೇರೆ ಬ್ರೌಸರ್‌ನಲ್ಲಿ ತೆರೆಯಿರಿ. ಪುಟ ಸಿಗಬಾರದು. ಜಾಲತಾಣದ ಸಾರ್ವಜನಿಕ ಫೀಡ್‌ನಲ್ಲೂ (ಹೊಸ ಬರಹಗಳ ಪಟ್ಟಿಯಲ್ಲೂ) ಅದು ಇರಬಾರದು. 201 ಎಂದರೆ ಎಂಟ್ರಿ ಸೃಷ್ಟಿಯಾಯಿತು ಎಂದಷ್ಟೇ, ನೀವು ಹೇಳಿದ್ದೆಲ್ಲ ನಡೆಯಿತು ಎಂದಲ್ಲ. ಇಷ್ಟು ನೋಡಿಕೊಳ್ಳದೆ ನಿಜವಾದ ಕರಡನ್ನು ಯಾವ ಸರ್ವರ್‌ಗೂ ಕಳಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕರಡಿಗೆ ಬೆಂಬಲವೇ ಇಲ್ಲದಿದ್ದರೆ ಬರಹವನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಇಟ್ಟುಕೊಂಡು ಸಮಯಕ್ಕೆ ಪೋಸ್ಟ್ ಮಾಡಿ. ಕೆಲವರು ಕರಡುಗಳಿಗೆ ಬೀಗ ಹಾಕಿದ ಬೇರೆ ಕಲೆಕ್ಷನ್ (ಸರ್ವರ್‌ನಲ್ಲಿ ಎಂಟ್ರಿಗಳನ್ನಿಡುವ ಗುಂಪು) ಮಾಡಿಕೊಳ್ಳುತ್ತಾರೆ. ಅದೂ ನಡೆಯುತ್ತದೆ, ಆದರೆ ಒಂದು ಕಲೆಕ್ಷನ್‌ನಿಂದ ಇನ್ನೊಂದಕ್ಕೆ ಸಾಗಿಸುವ ಕ್ರಿಯೆ ಈ ಪ್ರೋಟೊಕಾಲ್‌ನಲ್ಲಿ ಇಲ್ಲ. ಅಲ್ಲಿ ಹೊಸದಾಗಿ ಪೋಸ್ಟ್, ಇಲ್ಲಿ ಡಿಲೀಟ್ ಮಾಡಬೇಕು. ತಿದ್ದುವ ವಿಳಾಸ ಬದಲಾಗುತ್ತದೆ, ಐಡಿಯೂ ಬದಲಾಗಬಹುದು.

ಪ್ರಶ್ನೆ: ಕರಡಾಗಿದ್ದ ಬರಹವನ್ನು ಬೇರೊಬ್ಬರು ಮೊಬೈಲ್ ಆ್ಯಪ್‌ನಿಂದ ತೆರೆದು ಒಂದು ಕಾಗುಣಿತ ತಿದ್ದಿದರು. ಅಷ್ಟಕ್ಕೇ ಅದು ಪ್ರಕಟವಾಯಿತು.
– ಭದ್ರಾವತಿ

ಉತ್ತರ: ಆ ಆ್ಯಪ್ ತನಗೆ ಗೊತ್ತಿರುವ ಶೀರ್ಷಿಕೆ, ಬರಹ, ವರ್ಗ ಇಷ್ಟನ್ನೇ ಇಟ್ಟುಕೊಂಡು ಹೊಸ ಎಂಟ್ರಿ ಕಟ್ಟಿ ಪುಟ್ ಮಾಡಿದೆ. ಕಂಟ್ರೋಲ್ ಉದುರಿಹೋಯಿತು. ಪುಟ್ ಎಂದರೆ ಇಡೀ ಎಂಟ್ರಿಯನ್ನು ಬದಲಿಸುವುದು. ಬದಲಾದದ್ದರಲ್ಲಿ ಡ್ರಾಫ್ಟ್ ಇಲ್ಲ, ಇಲ್ಲದಿದ್ದರೆ ‘ನೋ’. ಸರ್ವರ್‌ನ ತಪ್ಪಿಲ್ಲ. ತಾನು ಬೇಕೆಂದು ಬದಲಿಸದ ಎಲ್ಲ ಮೆಟಾಡೇಟಾವನ್ನೂ (ಬರಹದ ಕುರಿತ ಮಾಹಿತಿಯನ್ನೂ), ತನಗೆ ಪರಿಚಯವಿಲ್ಲದ ಟ್ಯಾಗ್‌ಗಳನ್ನೂ ಕ್ಲೈಂಟ್ ಹಾಗೆಯೇ ಮರಳಿಸಬೇಕು ಎಂದು ಆರ್‌ಎಫ್‌ಸಿ 5023 ಹೇಳುತ್ತದೆ. ಆ್ಯಪ್ ಬರೆಯುವವರು ಬಂದ ಎಕ್ಸ್‌ಎಂಎಲ್ ಮರವನ್ನು ನೆನಪಿನಲ್ಲಿ ಇಟ್ಟುಕೊಂಡು, ಬದಲಾದ ಕೊಂಬೆಯನ್ನಷ್ಟೇ ತಿದ್ದಿ, ಉಳಿದದ್ದನ್ನು ಮುಟ್ಟದೆ ಕಳಿಸಬೇಕು. ಖಾಲಿ ಟೆಂಪ್ಲೇಟಿಗೆ ತುಂಬಿ ಕಳಿಸುವ ಕೋಡ್ ಬರೆಯಲು ಸುಲಭ, ಆದರೆ ಹೀಗೆ ಕೈಕೊಡುತ್ತದೆ.

ಸರ್ವರ್ ನಿಮ್ಮದೇ ಆಗಿದ್ದರೆ ಒಂದು ಕಾವಲು ಹಾಕಬಹುದು: ಈಗ ಕರಡಾಗಿರುವ ಎಂಟ್ರಿಗೆ ಕಂಟ್ರೋಲ್ ಇಲ್ಲದ ಪುಟ್ ಬಂದರೆ ಅದನ್ನು ಒಪ್ಪದೆ 400ರ ಸಾಲಿನ ದೋಷ ಮರಳಿಸಿ, ಕಾರಣವನ್ನೂ ಬರೆಯಿರಿ. ಪ್ರಕಟಿಸಲು ಡ್ರಾಫ್ಟ್ ‘ನೋ’ ಎಂದು ಬರೆದು ಹೇಳಲೇಬೇಕು ಎಂಬ ಪದ್ಧತಿ ಇಟ್ಟುಕೊಂಡರೆ ಮರೆವಿನಿಂದ ಪ್ರಕಟವಾಗುವುದು ನಿಲ್ಲುತ್ತದೆ. ಇಬ್ಬರು ಒಂದೇ ಬರಹ ತಿದ್ದುವಲ್ಲಿ ಇಟ್ಯಾಗ್ (ಸರ್ವರ್ ಒಂದೊಂದು ಪ್ರತಿಗೆ ಕೊಡುವ ಗುರುತು) ಕೂಡ ಬೇಕು. ಗೆಟ್ ಮಾಡಿದಾಗ ಬಂದ ಇಟ್ಯಾಗನ್ನು ಪುಟ್ ಮಾಡುವಾಗ ‘ಇಫ್-ಮ್ಯಾಚ್’ನಲ್ಲಿ ಕಳಿಸಿ, ನಡುವೆ ಯಾರಾದರೂ ಬದಲಿಸಿದ್ದರೆ ಸರ್ವರ್ 412 ಕೊಟ್ಟು ನಿಲ್ಲಿಸುತ್ತದೆ. ಆಗ ಮತ್ತೆ ಗೆಟ್ ಮಾಡಿ, ತಿದ್ದುಪಡಿಯನ್ನು ಹೊಸ ಪ್ರತಿಯ ಮೇಲೆ ಹಾಕಿ. ಇಫ್-ಮ್ಯಾಚ್ ತೆಗೆದು ಒತ್ತಾಯದಿಂದ ಬರೆದರೆ ಇನ್ನೊಬ್ಬರು ಹಾಕಿದ ಡ್ರಾಫ್ಟ್ ಗುರುತೂ ಅಳಿಸಿಹೋದೀತು.

ಪ್ರಶ್ನೆ: ಲೇಖನ ಕರಡಾಗಿಯೇ ಇದೆ, ಆದರೆ ಅದರ ಫೋಟೊ ಮಾತ್ರ ಹುಡುಕುವವರಿಗೆ ಸಿಗುತ್ತಿದೆ. ಫೋಟೊಗೆ ಕಂಟ್ರೋಲ್ ಎಲ್ಲಿ ಬರೆಯಬೇಕು?
– ಹೊಸನಗರ

ಉತ್ತರ: ಫೋಟೊ ಪೋಸ್ಟ್ ಮಾಡುವಾಗ ಬರೆಯಲು ಜಾಗವೇ ಇಲ್ಲ. ಆಗ ಕಳಿಸುವುದು ಜೆಪೆಗ್ ಬೈಟ್‌ಗಳನ್ನು, ಎಂಟ್ರಿಯನ್ನಲ್ಲ. ಸರ್ವರ್ ಆ ಚಿತ್ರವನ್ನು ಇಟ್ಟುಕೊಂಡು, ಅದಕ್ಕೊಂದು ‘ಮೀಡಿಯಾ ಲಿಂಕ್ ಎಂಟ್ರಿ’ಯನ್ನು ತಾನೇ ಸೃಷ್ಟಿಸುತ್ತದೆ. ಅದಕ್ಕೆ ‘ಎಡಿಟ್’ ವಿಳಾಸ ಒಂದು, ಚಿತ್ರಕ್ಕೆ ‘ಎಡಿಟ್-ಮೀಡಿಯಾ’ ವಿಳಾಸ ಇನ್ನೊಂದು. ಆ ಎಂಟ್ರಿಯನ್ನು ಗೆಟ್ ಮಾಡಿ ಕಂಟ್ರೋಲ್ ಸೇರಿಸಿ ಪುಟ್ ಮಾಡಬಹುದು. ಆದರೆ ಪೋಸ್ಟ್‌ಗೂ ಈ ಪುಟ್‌ಗೂ ನಡುವೆ ಅದು ತೆರೆದೇ ಇರುತ್ತದೆ; ಎಂಟ್ರಿ ಮರೆಯಾದ ಮೇಲೂ ಚಿತ್ರದ ಫೈಲ್ ನೇರ ವಿಳಾಸದಲ್ಲಿ ಸಿಗುತ್ತಿರಬಹುದು. ನಿಮ್ಮ ಲೇಖನದ ಕಂಟ್ರೋಲ್‌ಗೂ ಚಿತ್ರದ ಎಂಟ್ರಿಗೂ ಯಾವ ಸಂಬಂಧವನ್ನೂ ಪ್ರೋಟೊಕಾಲ್ ಹೇಳುವುದಿಲ್ಲ. ಆದ್ದರಿಂದ ಬರಹವನ್ನು ಮೊದಲು ಕರಡಾಗಿ ಕಳಿಸಿ, ಚಿತ್ರಗಳನ್ನು ಪ್ರಕಟಿಸುವ ಹೊತ್ತಿಗೆ ಕಳಿಸಿ, ಕೊನೆಗೆ ಚಿತ್ರದ ವಿಳಾಸಗಳನ್ನು ಬರಹಕ್ಕೆ ಸೇರಿಸಿ ಡ್ರಾಫ್ಟ್ ‘ನೋ’ ಮಾಡಿ. ನಿಜಕ್ಕೂ ಗುಟ್ಟಾಗಿ ಉಳಿಯಬೇಕಾದ ಚಿತ್ರವಾದರೆ ಲಾಗಿನ್ ಬೇಕಾದ ಜಾಗದಲ್ಲಿಡಿ. ಡ್ರಾಫ್ಟ್ ಗುರುತು ಪ್ರವೇಶಕ್ಕೆ ಬೀಗವಲ್ಲ.

ಪ್ರಶ್ನೆ: ನಮ್ಮ ಗ್ರಂಥಾಲಯದಲ್ಲಿ ಪ್ರಬಂಧಗಳನ್ನು ಡಿಸ್ಪೇಸ್ ಎಂಬ ಡಿಜಿಟಲ್ ಸಂಗ್ರಹಕ್ಕೆ, ಇಂಥ ಸಂಗ್ರಹಗಳಿಗೆ ಫೈಲ್ ಸೇರಿಸಲೆಂದೇ ಇರುವ ಸ್ವೋರ್ಡ್ ಪ್ರೋಟೊಕಾಲ್ ಮೂಲಕ ಸೇರಿಸುತ್ತೇವೆ. ಅಲ್ಲಿ ‘ಇನ್-ಪ್ರೋಗ್ರೆಸ್’ ಎಂಬುದು ಹೆಡರ್‌ನಲ್ಲಿದೆ. ಸ್ವೋರ್ಡ್ ಕೂಡ ಆಟಮ್ ಪಬ್ಲಿಷಿಂಗ್ ಮೇಲೆಯೇ ಕಟ್ಟಿದ್ದಲ್ಲವೇ, ಅದೇಕೆ ಹೀಗೆ?
– ಶಿವಮೊಗ್ಗ

ಉತ್ತರ: ಹಿಂದಿನ ಉತ್ತರದಲ್ಲಿ ಫೋಟೊಗೆ ಬಂದ ತೊಡಕೇ ಇಲ್ಲೂ ಇದೆ. ಸ್ವೋರ್ಡ್‌ನಲ್ಲಿ ಸಾಮಾನ್ಯವಾಗಿ ಹೋಗುವುದು ಜಿಪ್ ಕಟ್ಟು. ಅದರೊಳಗೆ ಕಂಟ್ರೋಲ್ ಬರೆಯಲಾಗದು, ಹಾಗಾಗಿ ಹೆಡರ್. ಅರ್ಥವೂ ಸ್ವಲ್ಪ ಬೇರೆ: ‘ಇನ್ನೂ ಫೈಲ್‌ಗಳು ಬರಲಿವೆ, ಪರಿಶೀಲನೆಗೆ ಕಳಿಸಬೇಡ’ ಎಂದು. ಇದು ಕಳಿಸುವ ಕೆಲಸ ಯಾವ ಹಂತದಲ್ಲಿದೆ ಎನ್ನುವ ಮಾತು, ಆದ್ದರಿಂದ ಹೆಡರ್‌ನಲ್ಲಿರುವುದು ಸರಿಯಾಗಿಯೇ ಇದೆ. ಇಲ್ಲೂ ಹೆಡರ್ ಬಿಟ್ಟುಹೋದರೆ ‘ಫಾಲ್ಸ್’, ಅಂದರೆ ಸೇರಿಸುವ ಕೆಲಸ ಮುಗಿದಂತೆ. ಎರಡನೆಯ ಆವೃತ್ತಿಯಲ್ಲಿ ಎಲ್ಲ ಫೈಲ್ ಸೇರಿದ ಮೇಲೆ ‘ಸ್ವೋರ್ಡ್ ಎಡಿಟ್’ ವಿಳಾಸಕ್ಕೆ ಖಾಲಿ ಪೋಸ್ಟ್ ಮಾಡಿ ‘ಇನ್-ಪ್ರೋಗ್ರೆಸ್: ಫಾಲ್ಸ್’ ಎಂದು ಕಳಿಸಬೇಕು. ಇದನ್ನು ಮರೆತರೆ ಪ್ರಬಂಧ ಅರ್ಧಕ್ಕೇ ನಿಂತುಬಿಡುತ್ತದೆ. ಪ್ರಬಂಧವನ್ನು ಎರಡು ವರ್ಷ ತೆರೆಯಬಾರದು ಎಂಬಂಥ ತಡೆ ಇದ್ದರೆ ಅದನ್ನು ಹೆಡರ್‌ನಲ್ಲಿ ಹೇಳಲು ಹೋಗಬೇಡಿ. ಅದು ಪ್ರಬಂಧದ ಜೊತೆ ವರ್ಷಗಟ್ಟಲೆ ಉಳಿಯಬೇಕಾದ ಮಾಹಿತಿ, ಕಟ್ಟಿನೊಳಗಿನ ಮೆಟಾಡೇಟಾ ಫೈಲಿಗೆ ಸೇರಿದ್ದು.

ಪ್ರಶ್ನೆ: ನಾಳೆ ಬೆಳಗ್ಗೆ 6ಕ್ಕೆ ಬಿಡುಗಡೆಯಾಗಲಿ ಎಂದು ‘ಪಬ್ಲಿಶ್ಡ್’ ಟ್ಯಾಗ್‌ನಲ್ಲಿ ನಾಳಿನ ಸಮಯ ಬರೆದರೆ ಸಾಕೇ?
– ಸೊರಬ

ಉತ್ತರ: ಸಾಲದು. ‘ಪಬ್ಲಿಶ್ಡ್’ ಇರುವುದು ಓದುಗರಿಗೆ ತಿಳಿಸಲು. ಅದನ್ನು ನೋಡಿ ತಡೆಹಿಡಿಯಬೇಕೆಂದು ಪ್ರೋಟೊಕಾಲ್ ಸರ್ವರ್‌ಗೆ ಹೇಳುವುದಿಲ್ಲ. ಕೆಲವು ಸಾಫ್ಟ್‌ವೇರ್ ಮುಂದಿನ ದಿನಾಂಕ ಕಂಡರೆ ಕಾಯುತ್ತವೆ, ಉಳಿದವು ತಕ್ಷಣ ಪ್ರಕಟಿಸಿ ನಾಳಿನ ತಾರೀಖು ತೋರಿಸುತ್ತವೆ.

ಕಂಟ್ರೋಲ್ ಒಳಗೆ ಡ್ರಾಫ್ಟ್ ಜೊತೆಗೆ ಬೇರೆ ನೇಮ್‌ಸ್ಪೇಸ್‌ನ ಟ್ಯಾಗ್‌ಗಳನ್ನೂ ಇಡಲು ಅವಕಾಶವಿದೆ. ಡ್ರಾಫ್ಟನ್ನು ನೇರವಾಗಿ ಎಂಟ್ರಿಯ ಕೆಳಗಿಡದೆ ಕಂಟ್ರೋಲ್ ಎಂಬ ಹೊದಿಕೆ ಕೊಟ್ಟದ್ದರ ಉಪಯೋಗ ಇಲ್ಲಿ ಕಾಣುತ್ತದೆ: ಸರ್ವರ್‌ಗೆ ಹೇಳುವುದೆಲ್ಲ ಒಂದೇ ಕಡೆ, ಸಾರ್ವಜನಿಕ ಫೀಡ್ ಕಟ್ಟುವಾಗ ಅದನ್ನು ಒಟ್ಟಿಗೆ ಕಿತ್ತುಹಾಕಬಹುದು. ನಿಮ್ಮ ಸ್ವಂತ ಡೊಮೇನ್ ವಿಳಾಸದಲ್ಲಿ ಒಂದು ನೇಮ್‌ಸ್ಪೇಸ್ ಮಾಡಿ, ಬಿಡುಗಡೆಯ ಸಮಯದ ಟ್ಯಾಗನ್ನು ಕಂಟ್ರೋಲ್ ಒಳಗಿಡಿ. ಅದರ ಜೊತೆ ಡ್ರಾಫ್ಟ್ ‘ಯೆಸ್’ ಇರಲೇಬೇಕು. ನಿಮ್ಮ ಟ್ಯಾಗ್ ಗೊತ್ತಿರುವ ಸರ್ವರ್ ಸಮಯ ನೋಡಿ ಬಿಡುತ್ತದೆ, ಗೊತ್ತಿಲ್ಲದ ಸರ್ವರ್ ಅದನ್ನು ಕರಡಾಗಿಯೇ ಇಡುತ್ತದೆ. ಬಿಡುಗಡೆ ತಡವಾದರೆ ಕೈಯಿಂದ ಬಿಡಬಹುದು. ಬೇಗ ಹೊರಬಿದ್ದದ್ದನ್ನು ಹಿಂದಕ್ಕೆ ತರಲಾಗದು.

ಸಮಯವನ್ನು ಬರೆಯುವಾಗ ಕೊನೆಗೆ ಭಾರತದ ಸಮಯ ವಲಯವಾದ +05:30 ಹಾಕಿ. ದಿನಾಂಕಕ್ಕೂ ಗಂಟೆಗೂ ನಡುವೆ ದೊಡ್ಡಕ್ಷರದ ‘ಟಿ’ ಇರಬೇಕು. ವಲಯ ಬಿಟ್ಟರೆ ಆಟಮ್ ನಿಯಮದಂತೆ ಅದು ತಪ್ಪು ಸಮಯ. ಅದನ್ನೂ ಸಹಿಸಿಕೊಂಡು ಯುಟಿಸಿ (ವಿಶ್ವ ಸಮಯ) ಎಂದು ಓದುವ ಸರ್ವರ್ ಸಿಕ್ಕರೆ ನಿಮ್ಮ 6 ಗಂಟೆಯ ಸುದ್ದಿ 11.30ಕ್ಕೆ ಬರುತ್ತದೆ.

ಸುದ್ದಿಸಂಸ್ಥೆಗಳಿಗಾಗಿ ಐಪಿಟಿಸಿ ಎಂಬ ಮಾಧ್ಯಮ ಮಾನಕ ಸಂಸ್ಥೆ ರೂಪಿಸಿರುವ ಎಕ್ಸ್‌ಎಂಎಲ್ ಮಾದರಿ ನ್ಯೂಸ್‌ಎಂಎಲ್-ಜಿ2 ಈ ವಿಂಗಡಣೆಯನ್ನು ಇನ್ನೂ ಸೊಗಸಾಗಿ ಮಾಡಿದೆ, ಒಮ್ಮೆ ಓದಿ ನೋಡಿ. ‘ಐಟಂಮೆಟಾ’ದಲ್ಲಿ ಪ್ರಕಟಣೆಯ ಸ್ಥಿತಿ, ತಡೆಯ ಅವಧಿ; ‘ಕಂಟೆಂಟ್‌ಮೆಟಾ’ದಲ್ಲಿ ಶೀರ್ಷಿಕೆ, ವಿಷಯ; ಹೊರಗಿನ ಸಂದೇಶದ ಹೆಡರ್‌ನಲ್ಲಿ ಸಾಗಣೆಯ ಹೊತ್ತು, ಆದ್ಯತೆ.

ಪ್ರಶ್ನೆ: ನಾವೇ ಮಾಡಿಕೊಳ್ಳುವ ಆ ಟ್ಯಾಗ್‌ಗೆ ‘ಬಿಡುಗಡೆ’ ಎಂದು ಕನ್ನಡದಲ್ಲೇ ಹೆಸರಿಡಬಹುದೇ?
– ಶಿಕಾರಿಪುರ

ಉತ್ತರ: ಇಡಬಹುದು. ಕನ್ನಡ ಅಕ್ಷರ, ಸ್ವರಚಿಹ್ನೆಗಳು ಟ್ಯಾಗ್ ಹೆಸರಿನಲ್ಲಿ ಬರುವುದಕ್ಕೆ ಎಕ್ಸ್‌ಎಂಎಲ್ 1.0ರಲ್ಲಿ ಅವಕಾಶವಿದೆ. ಎರಡು ಎಚ್ಚರಿಕೆ ಬೇಕು. ಒಕಾರದಂಥ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಪಾರ್ಸರ್‌ಗೆ (ಎಕ್ಸ್‌ಎಂಎಲ್ ಓದುವ ಪ್ರೋಗ್ರಾಂಗೆ) ಬೇರೆ ಬೇರೆ ಹೆಸರು. ಇನ್ನೊಂದು, ಅರ್ಧಾಕ್ಷರ ಬಿಡಿಸಲು ಬಳಸುವ ಶೂನ್ಯ ಅಗಲದ ಸಂಕೇತ. 2008ರ ಐದನೆಯ ಆವೃತ್ತಿಗಿಂತ ಹಿಂದಿನ ನಿಯಮ ಪಾಲಿಸುವ ಪಾರ್ಸರ್‌ಗಳು ಅದನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ‘ಬಿಡುಗಡೆ’ಯಲ್ಲಿ ಇವೆರಡೂ ಇಲ್ಲ, ಧೈರ್ಯವಾಗಿ ಬಳಸಿ.

ಪ್ರಶ್ನೆ: ಅಡಿಕೆಯ ಬಗೆಗಳಾದ ‘ರಾಶಿ’, ‘ಬೆಟ್ಟೆ’, ‘ಗೊರಬಲು’ ಎಂದು ಕೆಟಗರಿಗಳಿವೆ. ಅವುಗಳ ಜೊತೆ ‘ಕರಡು’ ಎಂಬ ಕೆಟಗರಿ ಮಾಡಿಕೊಂಡಿದ್ದೇವೆ. ಸರಿಯೇ?
– ಶೃಂಗೇರಿ

ಉತ್ತರ: ಸರಿಯಲ್ಲ. ಕೆಟಗರಿ ಬರಹ ಯಾವುದರ ಬಗ್ಗೆ ಎಂದು ಓದುಗರಿಗೆ ಹೇಳುವಂಥದ್ದು. ಪ್ರಕಟಿಸುವಾಗ ಅದನ್ನು ತೆಗೆಯಲು ಮರೆತರೆ ‘ಕರಡು’ ಎಂಬ ಕೊಂಡಿಯೇ ಪುಟದ ಕೆಳಗೆ ಮೂಡುತ್ತದೆ. ಸರ್ವಿಸ್ ಡಾಕ್ಯುಮೆಂಟ್‌ನಲ್ಲಿ (ಸರ್ವರ್‌ನ ಕಲೆಕ್ಷನ್‌ಗಳನ್ನು ಪಟ್ಟಿಮಾಡುವ ದಾಖಲೆಯಲ್ಲಿ) ಕೆಟಗರಿಗಳಿಗೆ ‘ಫಿಕ್ಸ್ಡ್’ ಬೆಲೆ ‘ಯೆಸ್’ ಇದ್ದರೆ, ಪಟ್ಟಿಯಲ್ಲಿಲ್ಲದ ಕೆಟಗರಿ ಇರುವ ಎಂಟ್ರಿಯನ್ನು ಸರ್ವರ್ ತಿರಸ್ಕರಿಸಲೂಬಹುದು.

ಪ್ರಶ್ನೆ: ಲಿಂಗನಮಕ್ಕಿಯ ನೀರಿನ ಮಟ್ಟ ಹಾಕುತ್ತೇವೆ. ಒಂದು ಅಕ್ಷರ ತಿದ್ದಿದರೂ ಓದುಗರ ಫೀಡ್ ರೀಡರ್‌ನಲ್ಲಿ ಅದು ಹೊಸ ಸುದ್ದಿಯಾಗಿ ಮೇಲೆ ಬರುತ್ತದೆ.
– ಸಾಗರ

ಉತ್ತರ: ‘ಅಪ್‌ಡೇಟೆಡ್’ ಮತ್ತು ‘ಆ್ಯಪ್:ಎಡಿಟೆಡ್’ ಎರಡನ್ನೂ ಒಂದೇ ಎಂದುಕೊಂಡಿದ್ದೀರಿ. ಅಪ್‌ಡೇಟೆಡ್ ಬದಲಾಗಬೇಕಾದದ್ದು ಓದುಗರು ಮತ್ತೆ ನೋಡಲೇಬೇಕಾದಂಥ ಬದಲಾವಣೆಗೆ, ಅದನ್ನು ತೀರ್ಮಾನಿಸುವುದು ಪ್ರಕಾಶಕರು. ಎಡಿಟೆಡ್ ಪ್ರತಿ ತಿದ್ದುಪಡಿಗೂ ಬದಲಾಗುತ್ತದೆ, ಅದನ್ನು ಹಾಕುವುದು ಸರ್ವರ್‌ನ ಕೆಲಸ. ಕಲೆಕ್ಷನ್‌ನಲ್ಲಿ ಎಂಟ್ರಿಗಳ ಸಾಲು ಎಡಿಟೆಡ್ ಪ್ರಕಾರ, ಇತ್ತೀಚಿನದು ಮೊದಲು. 1791 ಅಡಿ ಎಂಬುದು 1719 ಎಂದು ಬಿದ್ದಿದ್ದರೆ ತಿದ್ದಿ ಅಪ್‌ಡೇಟೆಡ್ ಬದಲಿಸಿ. ಪೂರ್ಣ ಮಟ್ಟ 1819 ಅಡಿ ಇರುವ ಅಣೆಕಟ್ಟಿನಲ್ಲಿ 72 ಅಡಿಯ ವ್ಯತ್ಯಾಸ ಸಣ್ಣದಲ್ಲ. ‘ಮಟ್ಟ’ದ ಒತ್ತಕ್ಷರ ಬಿಟ್ಟುಹೋಗಿದ್ದರೆ ಅಪ್‌ಡೇಟೆಡ್ ಅನ್ನು ಇದ್ದ ಹಾಗೇ ಮರಳಿಸಿ. ಪುಟ್ ಬಂದಾಗಲೆಲ್ಲ ಅಪ್‌ಡೇಟೆಡ್ ಅನ್ನು ತಾನೇ ಬದಲಿಸುವ ಸರ್ವರ್‌ಗಳೂ ಇವೆ, ಅಲ್ಲಿ ಸೆಟ್ಟಿಂಗ್ ಹುಡುಕಬೇಕು.

ಕಲೆಕ್ಷನ್ ವಿಳಾಸವನ್ನೇ ಸಾರ್ವಜನಿಕ ಫೀಡ್ ಎಂದು ಕೊಟ್ಟಿದ್ದರೆ ಇವತ್ತೇ ಬದಲಿಸಿ. ನೋಡಲು ಎರಡೂ ಆಟಮ್ ಫೀಡ್‌ಗಳೇ, ಆದರೆ ಕಲೆಕ್ಷನ್‌ನಲ್ಲಿ ಕರಡುಗಳೂ ಇರುತ್ತವೆ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತಿರುತ್ತವೆ. ಪೋಸ್ಟ್ ಮಾಡುವಾಗ ಸಂಪರ್ಕ ಕಡಿದು ಮತ್ತೆ ಕಳಿಸಿದರೆ ಒಂದೇ ಮಳೆ ವರದಿ ಎರಡು ಸಲ ಬರುತ್ತದೆ.
– ಆಗುಂಬೆ

ಉತ್ತರ: ಪೋಸ್ಟ್ ತಲುಪಿತ್ತು, ಅದರ ಉತ್ತರ ನಿಮಗೆ ತಲುಪಲಿಲ್ಲ. ಪುಟ್ ಅನ್ನು ಎಷ್ಟು ಸಲ ಕಳಿಸಿದರೂ ಫಲ ಒಂದೇ; ಪೋಸ್ಟ್ ಪ್ರತಿ ಸಲವೂ ಹೊಸ ಎಂಟ್ರಿ. ಅದಕ್ಕೆ ಕಂಟ್ರೋಲ್ ಅನ್ನೇ ಬಳಸಿಕೊಳ್ಳಿ. ಮೊದಲು ಶೀರ್ಷಿಕೆ ಮತ್ತು ಒಂದೇ ಸಾಲಿನ ಬರಹವಿರುವ ಸಣ್ಣ ಎಂಟ್ರಿಯನ್ನು ಡ್ರಾಫ್ಟ್ ‘ಯೆಸ್’ ಎಂದು ಪೋಸ್ಟ್ ಮಾಡಿ. ಲೊಕೇಶನ್ ಸಿಕ್ಕಿದೊಡನೆ ಡಿಸ್ಕ್‌ನಲ್ಲಿ ಬರೆದಿಡಿ. ಆಮೇಲೆ ಪೂರ್ತಿ ವರದಿಯನ್ನು ಡ್ರಾಫ್ಟ್ ‘ನೋ’ ಮಾಡಿ ಆ ವಿಳಾಸಕ್ಕೆ ಪುಟ್ ಮಾಡಿ. ಸಂಪರ್ಕ ಕಡಿದರೆ ಅದೇ ಪುಟ್ ಅನ್ನು ಮತ್ತೆ ಕಳಿಸಿ. ಇಫ್-ಮ್ಯಾಚ್ ಬಳಸುತ್ತಿದ್ದು ಎರಡನೆಯ ಸಲ 412 ಬಂದರೆ ಮೊದಲನೆಯದೇ ತಲುಪಿರಬಹುದು, ಗೆಟ್ ಮಾಡಿ ನೋಡಿಕೊಳ್ಳಿ. ಮೊದಲ ಪೋಸ್ಟ್ ಎರಡಾದರೂ ಹೆಚ್ಚಿನದು ಕರಡಾಗಿ ಉಳಿಯುತ್ತದೆ, ಓದುಗರಿಗೆ ಕಾಣುವುದಿಲ್ಲ.

ಉಳಿದ ಕರಡನ್ನು ಹುಡುಕಿ ಅಳಿಸಲು ಗುರುತು ಬೇಕು. ಐಡಿಯನ್ನು ನಂಬಬೇಡಿ, ಸರ್ವರ್ ಅದನ್ನು ಬದಲಿಸಬಹುದು. ಶೀರ್ಷಿಕೆಯಲ್ಲಿ ತಾರೀಖು ಮತ್ತು ಅಳತೆ ತೆಗೆದ ಹೊತ್ತು ಇರಲಿ, ಉದಾಹರಣೆಗೆ ‘ಆಗುಂಬೆ ಮಳೆ, ಬೆಳಗ್ಗೆ 8.30’ ಎಂದು ದಿನಾಂಕದೊಂದಿಗೆ. ಕಲೆಕ್ಷನ್ ಗೆಟ್ ಮಾಡಿದರೆ ಇತ್ತೀಚೆಗೆ ತಿದ್ದಿದ್ದು ಮೇಲೇ ಇರುತ್ತದೆ, ಮೊದಲ ಪುಟ ನೋಡಿದರೆ ಸಾಕು.

ಪ್ರಶ್ನೆ: ಈ ಪ್ರೋಟೊಕಾಲ್ ಈಗಲೂ ಕಲಿಯಬೇಕೇ? ವರ್ಡ್‌ಪ್ರೆಸ್ ಕೈಬಿಟ್ಟಿದೆಯಂತೆ.
– ಶಿವಮೊಗ್ಗ

ಉತ್ತರ: ಹೌದು, 2012ರ ಡಿಸೆಂಬರ್‌ನ 3.5ನೇ ಆವೃತ್ತಿಯಲ್ಲಿ ವರ್ಡ್‌ಪ್ರೆಸ್ ಇದನ್ನು ತನ್ನ ಮೂಲ ಕೋಡ್‌ನಿಂದ ತೆಗೆದುಹಾಕಿತು. ಈಗಿನ ಅದರ ರೆಸ್ಟ್ ಎಪಿಐನಲ್ಲಿ ಎಕ್ಸ್‌ಎಂಎಲ್ ಬದಲಿಗೆ ಜೇಸನ್ ಎಂಬ ಇನ್ನೊಂದು ಮಾಹಿತಿ ರೂಪದ ಬಳಕೆಯಿದ್ದು, ‘ಸ್ಟೇಟಸ್: ಡ್ರಾಫ್ಟ್’ ಎಂಬುದು ಶೀರ್ಷಿಕೆ, ಬರಹಗಳ ಪಕ್ಕದಲ್ಲೇ ಕೂರುತ್ತದೆ. 2017ರ ಮೇ ತಿಂಗಳಲ್ಲಿ ಜಾಲದ ಮಾನಕ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾದ, ಬರಹ ಪ್ರಕಟಿಸುವ ಪ್ರೋಟೊಕಾಲ್ ಮೈಕ್ರೋಪಬ್‌ನಲ್ಲಿ ಸರ್ವರ್‌ಗೆ ಕೊಡುವ ಆಜ್ಞೆಗಳ ಹೆಸರು ‘ಎಂಪಿ-’ ಎಂದು ಶುರುವಾಗುತ್ತದೆ: ಬರಹದ ಗುಣಗಳ ಜೊತೆಗೇ ಹೋದರೂ ಅವು ಸರ್ವರ್‌ಗೆ ಹೇಳಿದ್ದು, ಪ್ರಕಟಿಸಬೇಕಾದ ಗುಣವಲ್ಲ ಎಂದು ಹೆಸರಿನಿಂದಲೇ ತಿಳಿಯುತ್ತದೆ. ಹೊಸದಾಗಿ ಕಟ್ಟುವವರು ಮೈಕ್ರೋಪಬ್ ನೋಡಿ. ಸ್ವೋರ್ಡ್‌ನ ಮೊದಲೆರಡು ಆವೃತ್ತಿಗಳನ್ನು ಬಳಸುವ ಗ್ರಂಥಾಲಯಗಳಲ್ಲಿ ಕೆಲಸ ಮಾಡುವವರಿಗೆ ಆರ್‌ಎಫ್‌ಸಿ 5023 ಓದದೆ ಆಗುವುದಿಲ್ಲ. ಕಂಟ್ರೋಲ್ ಕುರಿತ ಭಾಗ ಒಂದು ಪುಟಕ್ಕಿಂತ ಹೆಚ್ಚಿಲ್ಲ, ಅಲ್ಲಿಂದಲೇ ಶುರುಮಾಡಿ.